ಸಹಾಯ ಬೇಕು: ಒಂದೇ ಮಗುವಿಗೆ ಇಬ್ಬರು ಹಿರಿಯರ ಹೆಸರು

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು, ನನ್ನ ಪತ್ನಿ ಅಶ್ಕೆನಾಜಿ (ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ) ಯಹೂದಿ ಮನೆತನದವಳು, ನಾವಿರುವುದು ನ್ಯೂಜೆರ್ಸಿಯಲ್ಲಿ. ಕಳೆದ ಮಂಗಳವಾರ ನಮಗೆ ಹೆಣ್ಣು ಮಗು ಹುಟ್ಟಿದ್ದು, ಬರುವ ಶನಿವಾರ ಯಹೂದಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಅವರ ಧರ್ಮಗ್ರಂಥ ತೋರಾದ ಪಠಣದ ವೇಳೆ ಹೆಸರನ್ನು ಘೋಷಿಸಬೇಕಾಗಿದೆ.

ಅವರಲ್ಲಿ ಬದುಕಿರುವವರ ಹೆಸರನ್ನು ಇಡುವ ರೂಢಿಯಿಲ್ಲ, ತೀರಿಕೊಂಡವರ ಹೆಸರನ್ನೇ ಇಡುತ್ತಾರೆ. ಪತ್ನಿಯ ಅಜ್ಜಿ ರಿವ್ಕಾ ತೊಂಬತ್ತು ದಾಟಿ ಹೋದರು. ಚಿಕ್ಕಮ್ಮ ಹನ್ನಾ ಮಾತ್ರ 32ಕ್ಕೇ ತೀರಿಕೊಂಡರು, ಅವರಿಗೆ ಮಕ್ಕಳೂ ಇರಲಿಲ್ಲ. ಅಲ್ಪಾಯುಷಿಗಳ ಹೆಸರನ್ನು ಒಂಟಿಯಾಗಿ ಇಡಲು ಅನೇಕರು ಹಿಂಜರಿಯುವುದರಿಂದ, 'ರಿವ್ಕಾ ಹನ್ನಾ' ಎಂದು ಜೋಡಿಸಿ ಫ್ರಿಜ್ ಬಾಗಿಲಿನ ಚೀಟಿಯಲ್ಲಿ ಬರೆದಿಟ್ಟೆವು. ಅದನ್ನು ನೋಡಿದ ಪತ್ನಿಯ ಸೋದರಮಾವ, ಜೋಡಿಸಿದರೆ ಅದು ಮೂರನೆಯದೇ ಹೆಸರಾಗಿ ಇಬ್ಬರಿಗೂ ಸಲ್ಲುವುದಿಲ್ಲ ಎಂದರು. ದೀರ್ಘಾಯುಷಿಯ ಹೆಸರು ಜೊತೆಗಿದ್ದರೆ ಸಾಕು ಎಂಬುದು ಅತ್ತೆಯವರ ವಾದ. ರಬ್ಬಿಯವರು (ಯಹೂದಿ ಧರ್ಮಗುರು) ಎರಡೂ ಅಭಿಪ್ರಾಯಗಳಿವೆ, ನಿರ್ಧಾರ ತಂದೆತಾಯಿಯದು ಎಂದು ನಕ್ಕುಬಿಟ್ಟರು.

ನಮ್ಮ ಕಡೆ ಅಜ್ಜಿಯ ಹೆಸರಿಟ್ಟು, ಅದನ್ನು ಹಿಡಿದು ಗದರಲು ಮನಸ್ಸು ಬಾರದೆ, 'ಪುಟ್ಟಿ' ಎಂದೇ ಕರೆಯುತ್ತೇವಲ್ಲ. ನನ್ನ ಗೊಂದಲವೂ ಅಲ್ಲಿಯೇ ಇದೆ. ಎರಡೂ ಹೆಸರಿಟ್ಟು ದಿನನಿತ್ಯ 'ರಿವ್ಕಾ' ಎಂದಷ್ಟೇ ಕರೆದರೆ, ಹನ್ನಾ ಅವರ ಹೆಸರನ್ನು ಇಟ್ಟಂತಾಗುತ್ತದೆಯೇ? ಯಹೂದಿ ಕುಟುಂಬದೊಳಗೆ ಇದನ್ನು ಕಂಡವರು ಶುಕ್ರವಾರದೊಳಗೆ ದಯವಿಟ್ಟು ತಿಳಿಸುವಿರಾ?