ಸಹಾಯ ಬೇಕು: ಲಿನಕ್ಸ್‌ನಲ್ಲಿ ಸ್ಮರಣ ಸಂಚಿಕೆ, ಹಳೆಯ ನುಡಿ ಫೈಲುಗಳು

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯ ನಮ್ಮ ಸಂಘದ ಕಂಪ್ಯೂಟರಿಗೆ ವಿಂಡೋಸ್ 11 ಹಾಕಲು ಬರುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ನಲ್ಲೇ ನಿಂತಿತು. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ, ರಾಜ್ಯೋತ್ಸವದ ಸ್ಮರಣ ಸಂಚಿಕೆಯನ್ನು ಅದರಲ್ಲೇ ಮಾಡುತ್ತಿದ್ದೇವೆ.

ಟೈಪಿಂಗಿಗೆ ತೊಂದರೆಯಿಲ್ಲ. ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ಗೆ ಎಂ17ಎನ್ (ಹಲವು ಭಾಷೆಗಳ ಕೀಲಿಮಣೆ ಕೊಡುವ ಸೇರ್ಪಡೆ) ಸೇರಿಸಿದರೆ ನುಡಿ ತಂತ್ರಾಂಶದ ಕೆಜಿಪಿ ಕೀಲಿಮಣೆಯೇ ಸಿಗುತ್ತದೆ, ನುಡಿಯಲ್ಲಿ ಪಳಗಿದ ನಮ್ಮ ಹಿರಿಯರಿಗೆ ಕೈ ತಡವರಿಸಲಿಲ್ಲ. ಬರವಣಿಗೆಯ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ, ಭಾಷೆಯ ಸೆಟ್ಟಿಂಗ್‌ನ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಕೆಳಗೆ ಕನ್ನಡ ಆರಿಸಿಕೊಂಡರೆ ಕನ್ನಡಕ್ಕೇ ಬೇರೆ ಫಾಂಟು, ಬೇರೆ ಅಳತೆ ಕೊಡಬಹುದು. (ಗೊತ್ತಿಲ್ಲದವರಿಗೆ ಉಪಯೋಗವಾಗಲಿ ಅಂತ ಹೇಳಿದೆ.)

ಕಗ್ಗಂಟಾಗಿರುವುದು ಹಳೆಯ ಲೇಖನಗಳು. ಹಿಂದಿನ ಸಂಚಿಕೆಗಳೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಓದುವ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟಿನಲ್ಲಿವೆ. ತೆರೆದರೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಆನ್‌ಲೈನ್ ಪರಿವರ್ತಕದಲ್ಲಿ ಒಂದೊಂದೇ ಪುಟ ಅಂಟಿಸುತ್ತ ಕೂತರೆ ರಾಜ್ಯೋತ್ಸವ ಮುಗಿದುಹೋಗುತ್ತದೆ. ಸಾಲದ್ದಕ್ಕೆ ನಡುವೆ ಬರುವ ಇಂಗ್ಲಿಷ್ ಹೆಸರುಗಳನ್ನೂ ಅದು ಕನ್ನಡವೆಂದೇ ತಿಳಿದು ಏನೇನೋ ಮಾಡಿಡುತ್ತದೆ. ಇಡೀ ಫೋಲ್ಡರನ್ನು ಒಮ್ಮೆಗೇ, ಇಂಟರ್ನೆಟ್ ಇಲ್ಲದೆ, ಇಂಗ್ಲಿಷ್ ಪದಗಳನ್ನು ಮುಟ್ಟದೆ ಯೂನಿಕೋಡಿಗೆ ತರುವ ಸ್ಕ್ರಿಪ್ಟ್ ಯಾರ ಬಳಿಯಾದರೂ ಇದೆಯೇ? ಪೈಥಾನ್ ಆದರೂ ಸರಿ, ಸಂಘದ ಹುಡುಗರು ಓಡಿಸಿಕೊಳ್ಳುತ್ತಾರೆ.

ಇನ್ನೊಂದು. ದಾದರಿನ ಪ್ರೆಸ್ಸಿನವರು ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣಗಳ) ಪಿಡಿಎಫ್ ಕೇಳುತ್ತಿದ್ದಾರೆ. ಅದು ಲಿಬ್ರೆಆಫೀಸ್‌ನ ಕೆಲಸವಲ್ಲ, ಪುಟವಿನ್ಯಾಸದ ತಂತ್ರಾಂಶ ಸ್ಕ್ರೈಬಸ್ಸೇ ಬೇಕು. ಅದರ 1.6ರಲ್ಲಿ ಒತ್ತಕ್ಷರ ಸರಿಯಾಗಿಯೇ ಕೂರುತ್ತಿದೆ. ಆದರೆ ಎರಡು ಕಾಲಂ ಮಾಡಿದಾಗ ಉದ್ದ ಪದಗಳು ಒಡೆಯದೆ ಸಾಲಿನಲ್ಲಿ ದೊಡ್ಡ ದೊಡ್ಡ ಬಿಳಿ ಜಾಗ ಉಳಿಯುತ್ತದೆ, ನೋಡಲು ಬಲು ಕೆಟ್ಟದು. ಕನ್ನಡ ಪುಸ್ತಕ ಇದರಲ್ಲಿ ಮಾಡಿದವರು ಏನು ಮಾಡುತ್ತೀರಿ? ಠಾಣೆ, ಕಲ್ಯಾಣ ಕಡೆಯವರಾದರೆ ಭಾನುವಾರ ಸಂಘಕ್ಕೇ ಬನ್ನಿ, ಚಹಾ ನಮ್ಮದು.