ಮುತ್ತಜ್ಜನ ಅಪ್ಪ ಜರ್ಮನಿಯ ಯಾವ ಊರಿನವರು?

ಪ್ರಶ್ನೆ:
ನಮಸ್ಕಾರ ಸರ್. ನಾನು ಶಿವಮೊಗ್ಗದ ಕಡೆಯವಳು, ಮದುವೆಯಾದ ಮೇಲೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿದ್ದೇನೆ. ಯಜಮಾನರು ಇಲ್ಲಿಯವರೇ, ಅವರ ಅಪ್ಪನ ಕಡೆಯವರು ಜರ್ಮನಿಯಿಂದ ಬಂದವರು. ಮಗಳಿಗೆ ಸ್ಕೂಲಿನಲ್ಲಿ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದ್ದಾರೆ. ನನ್ನ ಕಡೆಯದು ದೊಡ್ಡಮ್ಮನಿಗೆ ಒಂದು ಫೋನ್ ಮಾಡಿದ್ದಕ್ಕೆ ಮುಗಿಯಿತು. ಇವರ ಕಡೆಯದು ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಯಜಮಾನರ ಮುತ್ತಜ್ಜನ ಅಪ್ಪ ಹೆನ್ರಿ (ಮನೆತನದ ಹೆಸರು ಇಲ್ಲಿ ಬೇಡ). ಹೆಂಡತಿ ಮೇರಿ. 1900ರ ಜನಗಣತಿಯ ಪುಟ ಸಿಕ್ಕಿದೆ. ಅಮೆರಿಕಕ್ಕೆ ಬಂದದ್ದು 1882, ಮದುವೆಯಾಗಿ 14 ವರ್ಷ ಅಂತಿದೆ. ಮನೆಯಲ್ಲಿ ಆರು ಮಕ್ಕಳು: 17, 15, 11, 9, 6, 2 ವರ್ಷದವರು, ಎಲ್ಲರೂ ವಿಸ್ಕಾನ್ಸಿನ್‌ನಲ್ಲೇ ಹುಟ್ಟಿದವರು. ಹೆನ್ರಿ ಹುಟ್ಟಿದ್ದು ಬರೀ 'ಜರ್ಮನಿ'. 1886ರ ಮದುವೆ ದಾಖಲೆಯಲ್ಲೂ ಅದೇ. ಊರಿನ ಹೆಸರು ಎಲ್ಲಿ ಸಿಗುತ್ತದೆ? ಜರ್ಮನ್ ವೆಬ್‌ಸೈಟಿಗೆ ದುಡ್ಡು ಕಟ್ಟಬೇಕಾ?

ಉತ್ತರ:
ದುಡ್ಡು ಈಗಲೇ ಕಟ್ಟಬೇಡಿ ಮೇಡಂ. ಜರ್ಮನಿಯಲ್ಲಿ ಹಳೆಯ ದಾಖಲೆ ಇರುವುದು ಊರೂರಿನ ಚರ್ಚ್ ಪುಸ್ತಕದಲ್ಲಿ. ಊರು ಗೊತ್ತಿಲ್ಲದೆ ಅಲ್ಲಿ ಹುಡುಕಿದರೆ ಹೈನ್ರಿಖ್ (ಹೆನ್ರಿಯ ಜರ್ಮನ್ ರೂಪ) ಅನ್ನುವವರು ನೂರಾರು ಜನ ಸಿಗುತ್ತಾರೆ, ನಿಮ್ಮವರು ಯಾರು ಅಂತ ಮಾತ್ರ ತಿಳಿಯುವುದಿಲ್ಲ. ಊರಿನ ಹೆಸರನ್ನು ಅಮೆರಿಕದ ದಾಖಲೆಯಲ್ಲೇ ಹುಡುಕಬೇಕು.

ಅದಕ್ಕೂ ಮೊದಲು ಒಂದು ಮಾತು. 14 ವರ್ಷದ ಹಿಂದೆ ಮದುವೆ, ದೊಡ್ಡ ಮಗನಿಗೆ 17. ಲೆಕ್ಕ ಸರಿ ಹೋಗುತ್ತಿಲ್ಲ, ಅಲ್ವಾ? 1900ರ ನಮೂನೆಯಲ್ಲಿ ಮದುವೆಯಾದ ಹೆಂಗಸರಿಗೆ ಇನ್ನೂ ಎರಡು ಪ್ರಶ್ನೆ ಇದ್ದವು: ಎಷ್ಟು ಮಕ್ಕಳನ್ನು ಹೆತ್ತಿರಿ, ಈಗ ಎಷ್ಟು ಜನ ಬದುಕಿದ್ದಾರೆ. ಮೇರಿಯ ಸಾಲಿನಲ್ಲಿ ಆ ಎರಡು ಅಂಕಿ ಏನಿದೆ ನೋಡಿ. ನಿಮ್ಮ ಯಜಮಾನರು ಯಾವ ಮಗನ ವಂಶ ಅನ್ನುವುದನ್ನೂ ತಿಳಿಸಿ.

ಪ್ರಶ್ನೆ ಕೇಳಿದವರು:
ಹೆತ್ತದ್ದು 5, ಬದುಕಿರುವುದು 4 ಅಂತಿದೆ ಸರ್. ಮನೆಯಲ್ಲಿ ಆರು ಮಕ್ಕಳಿದ್ದಾರಲ್ಲ! ನಮ್ಮದು ದೊಡ್ಡ ಮಗನ ವಂಶ.

ಉತ್ತರ:
ಹಾಗಾದರೆ ಮೇರಿ ಎರಡನೇ ಹೆಂಡತಿ ಇರಬೇಕು. 11, 9, 6, 2 ವರ್ಷದ ನಾಲ್ವರು ಅವರ ಮಕ್ಕಳು. 17 ಮತ್ತು 15ರ ಇಬ್ಬರು ಮೊದಲ ಹೆಂಡತಿಯ ಮಕ್ಕಳು. ಅಂದರೆ ನಿಮ್ಮ ಮಗಳ ವಂಶವೃಕ್ಷದಲ್ಲಿ ಮೇರಿಯ ಜಾಗಕ್ಕೆ ಬೇರೆ ಹೆಸರು ಬರುತ್ತದೆ. 1910ರ ಜನಗಣತಿಯಲ್ಲಿ ಇದನ್ನು ಖಾತ್ರಿ ಮಾಡಿಕೊಳ್ಳಬಹುದು. ಆ ಸಲ ಮೊದಲ ಮದುವೆಯಾದರೆ 'ಎಂ1', ಮರುಮದುವೆಯಾದರೆ 'ಎಂ2' ಅಂತ ಗುರುತು ಹಾಕಿದ್ದಾರೆ.

ಮೊದಲ ಹೆಂಡತಿಯನ್ನು ಜನಗಣತಿಯಲ್ಲಿ ಹುಡುಕುತ್ತಾ ಕೂರಬೇಡಿ. 1880ರಲ್ಲಿ ಹೆನ್ರಿ ಇನ್ನೂ ಬಂದಿಲ್ಲ. 1890ರ ಪುಟಗಳು ವಾಷಿಂಗ್ಟನ್‌ನಲ್ಲಿ 1921ರ ಜನವರಿಯಲ್ಲಿ ಬಿದ್ದ ಬೆಂಕಿಯಿಂದಾಗಿ ಹೆಚ್ಚುಕಡಿಮೆ ಪೂರ್ತಿ ಹೋದವು. ವಿಸ್ಕಾನ್ಸಿನ್ ರಾಜ್ಯ 1885ರಲ್ಲಿ ತನ್ನದೇ ಗಣತಿ ಮಾಡಿತ್ತು, ಆದರೆ ಅದರಲ್ಲಿ ಮನೆ ಯಜಮಾನನ ಹೆಸರು ಮಾತ್ರ. ಉಳಿದವರು ಬರೀ ತಲೆ ಲೆಕ್ಕ.

ಸುಲಭದ ದಾರಿ ಬೇರೆ ಇದೆ. ಆ ದೊಡ್ಡ ಮಗನ, ಅಂದರೆ ನಿಮ್ಮವರ ಮುತ್ತಜ್ಜನ, ಮದುವೆ ದಾಖಲೆ ತೆಗೆಸಿ. ವಿಸ್ಕಾನ್ಸಿನ್ ನಮೂನೆಯಲ್ಲಿ ಗಂಡು ಹೆಣ್ಣು ಇಬ್ಬರ ತಂದೆತಾಯಿ ಹೆಸರೂ ಕೇಳುತ್ತಿದ್ದರು, ತಾಯಿಯ ತವರು ಮನೆತನ ಸೇರಿ. ಮದುವೆ 1907ರ ಅಕ್ಟೋಬರ್‌ಗಿಂತ ಮುಂಚೆ ಆಗಿದ್ದರೆ ಮ್ಯಾಡಿಸನ್‌ನ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಸೂಚಿ ಇದೆ. ಆಮೇಲಿನದಾದರೆ ರಾಜ್ಯದ ಅಥವಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿ ಕೇಳಿ.

ಈಗ ಊರಿನ ವಿಷಯ. 1886ರ ದಾಖಲೆಯಲ್ಲಿ 'ಜರ್ಮನಿ' ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಅದೇ ಹಾಳೆಯ ಕೆಳಗೆ ಮದುವೆ ಮಾಡಿಸಿದವರು ಯಾರು ಅಂತ ಇರುತ್ತದೆ. ಪಾದ್ರಿಯ ಹೆಸರಿದ್ದರೆ ಅದೇ ನಿಮಗೆ ಬೇಕಾದ ಸುಳಿವು. ಆ ವರ್ಷದ ಮಿಲ್ವಾಕಿ ಸಿಟಿ ಡೈರೆಕ್ಟರಿಯಲ್ಲಿ (ಊರಿನವರ ಹೆಸರು, ವಿಳಾಸದ ಪುಸ್ತಕ) ಆ ಹೆಸರು ನೋಡಿ, ಯಾವ ಚರ್ಚಿನವರು ಅಂತ ಗೊತ್ತಾಗುತ್ತದೆ. ಕೌಂಟಿಯ ಗುಮಾಸ್ತನಿಗೆ 'ಜರ್ಮನಿ' ಅಂದರೆ ಸಾಕಿತ್ತು. ಪಾದ್ರಿ ತಾನೂ ಜರ್ಮನ್, ಊರು ಕೇಳಿ ಜರ್ಮನ್ ಭಾಷೆಯಲ್ಲೇ ಬರೆದುಕೊಳ್ಳುತ್ತಿದ್ದದ್ದು ಜಾಸ್ತಿ. ಲುಥೆರನ್ ಚರ್ಚುಗಳ ಹಳೆಯ ಪುಸ್ತಕ ಎಷ್ಟೋ ಕಡೆ ಇನ್ನೂ ಚರ್ಚಿನ ಬೀರುವಿನಲ್ಲೇ ಇವೆ. ಮರ್ಯಾದೆಯಾಗಿ ಒಂದು ಪತ್ರ ಬರೆದು ಕೇಳಿ.

ಕೇಳುವಾಗ ಮದುವೆಯೊಂದೇ ಸಾಲದು. 1883ರ ಆಸುಪಾಸಿನ ದೊಡ್ಡ ಮಗನ ಜ್ಞಾನಸ್ನಾನ (ಬ್ಯಾಪ್ಟಿಸಂ), 1884-86ರ ನಡುವಿನ ಶವಸಂಸ್ಕಾರದ ಪುಟವನ್ನೂ ಕೇಳಿ. ಮೊದಲ ಹೆಂಡತಿ ತೀರಿಕೊಂಡದ್ದು ಅಲ್ಲಿ ಸಿಗಬಹುದು. ಸಾಕ್ಷಿಗಳು, ಮಗುವಿನ ಜ್ಞಾನಪಿತೃಗಳು (ಗಾಡ್‌ಪೇರೆಂಟ್ಸ್) ಯಾರು ಅಂತ ಬರೆದಿಟ್ಟುಕೊಳ್ಳಿ. ಒಂದೇ ಊರಿನವರು ಒಟ್ಟಿಗೆ ಬಂದು ಒಂದೇ ಬೀದಿಯಲ್ಲಿ ನೆಲೆಸಿರುತ್ತಿದ್ದರು. ಹೆನ್ರಿಯ ಊರು ಸಿಗದಿದ್ದರೂ ಸಾಕ್ಷಿಯ ಊರು ಸಿಕ್ಕಿದರೆ ಅರ್ಧ ಕೆಲಸ ಆದಂತೆ.

ಗ್ರೂಪಿನ ಇನ್ನೊಬ್ಬರು:
ನ್ಯೂಯಾರ್ಕ್‌ನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಹೆಸರನ್ನೇ ಬದಲಾಯಿಸಿಬಿಡುತ್ತಿದ್ದರಂತೆ. ಹಾಗಿದ್ದರೆ ಹಡಗಿನ ಪಟ್ಟಿಯಲ್ಲಿ ಹುಡುಕುವುದು ಹೇಗೆ ಸರ್?

ಉತ್ತರ:
ಸುಮ್ನೆ ಹಬ್ಬಿದ ಕಥೆ ಅದು. ಹೆಸರು ಬರೆಯುತ್ತಿದ್ದದ್ದು ಹಡಗು ಹತ್ತುವ ಬಂದರಿನಲ್ಲಿ, ಇಲ್ಲಿನವರು ಆ ಪಟ್ಟಿ ಹಿಡಿದು ತಾಳೆ ನೋಡುತ್ತಿದ್ದರು. ಹೈನ್ರಿಖ್ ಹೋಗಿ ಹೆನ್ರಿ ಆದದ್ದು ಇಲ್ಲಿಗೆ ಬಂದ ಮೇಲೆ, ಅವರದೇ ಇಷ್ಟದಿಂದ. ಅಲ್ಲದೆ ಎಲ್ಲಿಸ್ ದ್ವೀಪ ಶುರುವಾದದ್ದೇ 1892ರಲ್ಲಿ. 1882ರಲ್ಲಿ ನ್ಯೂಯಾರ್ಕಿಗೆ ಬಂದವರು ಇಳಿದದ್ದು ಕ್ಯಾಸಲ್ ಗಾರ್ಡನ್‌ನಲ್ಲಿ. ಬಾಲ್ಟಿಮೋರ್‌ನಲ್ಲಿ ಇಳಿದವರೂ ಬೇಕಾದಷ್ಟು. ಆ ಒಂದೇ ವರ್ಷ ಜರ್ಮನಿಯಿಂದ ಸುಮಾರು 2.5 ಲಕ್ಷ ಜನ ಬಂದಿದ್ದಾರೆ.

ಹ್ಯಾಂಬರ್ಗ್‌ನಲ್ಲಿ ಹಡಗು ಹತ್ತಿದ್ದರೆ ಅದೃಷ್ಟ. ಅಲ್ಲಿನ 1850ರಿಂದ 1934ರವರೆಗಿನ ಪಟ್ಟಿಗಳು ಉಳಿದಿವೆ, ಹೊರಟ ಊರಿನ ಹೆಸರೂ ಅದರಲ್ಲಿದೆ. ಇನ್ನೊಂದು ಜರ್ಮನ್ ಬಂದರು ಬ್ರೆಮೆನ್‌ನ ಆ ಕಾಲದ ಪಟ್ಟಿಗಳನ್ನು ಇಡಲು ಜಾಗವಿಲ್ಲ ಅಂತ ನಾಶ ಮಾಡಿಬಿಟ್ಟರು. ನನ್ನನ್ನು ಕೇಳಿದರೆ ಆ ಗುಮಾಸ್ತರ ಮೇಲೆ ವಂಶ ಹುಡುಕುವ ನಮ್ಮ ಕಸುಬಿನವರಿಗೆ ಇವತ್ತಿಗೂ ಸಿಟ್ಟಿದೆ.

ಪ್ರಶ್ನೆ ಕೇಳಿದವರು:
ಅತ್ತೆಯವರು ಪೊಮೆರೇನಿಯಾ ಅಂತ ಏನೋ ಹೇಳುತ್ತಿದ್ದರು. ಊರು ಸಿಕ್ಕಿದರೆ ಜರ್ಮನಿಗೇ ಬರೆಯಬೇಕಾ?

ಉತ್ತರ:
ಇರಬಹುದು, ವಿಸ್ಕಾನ್ಸಿನ್‌ಗೆ ಪೊಮೆರೇನಿಯಾದವರು ತುಂಬಾ ಬಂದಿದ್ದಾರೆ. ಅದು ಬಾಲ್ಟಿಕ್ ಸಮುದ್ರದ ದಂಡೆಯಲ್ಲಿದ್ದ ಜರ್ಮನ್ ಪ್ರಾಂತ್ಯ. ಆದರೆ ಅದರ ಪೂರ್ವಭಾಗ 1945ರ ನಂತರ ಪೋಲೆಂಡಿಗೆ ಸೇರಿತು, ಊರುಗಳ ಹೆಸರೂ ಬದಲಾದವು. ಆಗಿನ ರೇಗನ್‌ವಾಲ್ಡೆ ಈಗ ರೆಸ್ಕೊ. ಹಾಗಾಗಿ ದಾಖಲೆ ಉಳಿದಿದ್ದರೆ ಶ್ಚೆಚಿನ್‌ನಂಥ ಪೋಲಿಷ್ ಸರ್ಕಾರಿ ಪತ್ರಾಗಾರದಲ್ಲೂ ಇರಬಹುದು. ಯುದ್ಧದಲ್ಲಿ ಕಳೆದುಹೋದ ಚರ್ಚ್ ಪುಸ್ತಕಗಳೂ ಬಹಳ. ಪಾದ್ರಿ ಊರಿನ ಜೊತೆ 'ಕ್ರೈಸ್' ಅಂತ ಬರೆದಿದ್ದರೆ ಅದನ್ನು ಬಿಡಬೇಡಿ. ಅದು ನಮ್ಮ ತಾಲ್ಲೂಕಿನ ಹಾಗೆ. ಒಂದೇ ಹೆಸರಿನ ನಾಲ್ಕು ಹಳ್ಳಿ ಇದ್ದಾಗ ಯಾವುದು ಅಂತ ಹೇಳುವುದು ಅದೇ.

ಹಳೆಯ ಜರ್ಮನ್ ಕೈಬರಹದಲ್ಲಿ ಎನ್, ಇ, ಯು ಮೂರೂ ಒಂದೇ ಥರ ಕಾಣುತ್ತವೆ. ಆ ಒಂದು ಸಾಲನ್ನು ಮಾತ್ರ ಕತ್ತರಿಸಿ ಹಾಕಬೇಡಿ, ಇಡೀ ಪುಟದ ಫೋಟೊ ಹಾಕಿ. ಅದೇ ಪಾದ್ರಿ ಬರೆದ ಬೇರೆ ಸಾಲುಗಳ ಜೊತೆ ಹೋಲಿಸಿದರೆ ಅಕ್ಷರ ತಿಳಿಯುತ್ತದೆ. ಮನೆತನದ ಹೆಸರು ಮುಚ್ಚಿದರೂ ಪರವಾಗಿಲ್ಲ, ಓದಿ ಹೇಳುತ್ತೇನೆ.