ಸಹಾಯ ಬೇಕು: ಅಪ್ಪ, ಅವ್ವನ ಜೊತೆ ಒಂದು ವಾರ ಶ್ರೀಲಂಕಾ

ನಮಸ್ಕಾರ್ರೀ ಎಲ್ಲರಿಗೂ. ನಾವು ಕಲಬುರಗಿಯವರು. ಫೆಬ್ರವರಿಯಲ್ಲಿ ಅಪ್ಪ, ಅವ್ವನನ್ನು ಶ್ರೀಲಂಕಾಕ್ಕೆ ಕರೆದುಕೊಂಡು ಹೋಗಬೇಕು ಅಂತಿದೆ. ಗುಂಪಿನ ಟೂರ್ ಬೇಡ. ನಮಗೇ ಅಂತ ಒಂದು ಕಾರು, ಡ್ರೈವರ್ ಇದ್ದರೆ ಸಾಕು.

ಕೊಲಂಬೊ, ಸಿಗಿರಿಯಾ, ಕ್ಯಾಂಡಿ, ನುವಾರಾ ಎಲಿಯಾ, ಕೊನೆಗೆ ಗಾಲೆ ಕೋಟೆ. ಒಂದು ವಾರಕ್ಕೆ ಇದು ಜಾಸ್ತಿ ಆಯ್ತಾ? ನಕ್ಷೆಯಲ್ಲಿ ಎಲ್ಲವೂ ಹತ್ತಿರ ಕಾಣುತ್ತವೆ, ಆದರೆ ನಡುವೆ ಬೆಟ್ಟದ ರಸ್ತೆ. ನಮ್ಮ ಬೀದರ್ ರಸ್ತೆಯಲ್ಲಿ ಹೋದ ಹಾಗಲ್ಲ ಅಲ್ವಾ? ಏನಾದರೂ ಬಿಡಬೇಕಾದರೆ ನಾನು ಗಾಲೆ ಬಿಡುತ್ತೇನೆ. ಬುದ್ಧನ ಹಲ್ಲು ಇಟ್ಟಿದೆ ಅನ್ನುವ ಕ್ಯಾಂಡಿಯ ದಂತ ದೇವಾಲಯ ಮಾತ್ರ ಬಿಡುವ ಹಾಗಿಲ್ಲ. ನಮ್ಮ ಜಿಲ್ಲೆಯ ಬೌದ್ಧ ತಾಣ ಸನ್ನತಿ ನೋಡಿ ಬಂದಾಗಿನಿಂದ ಅಪ್ಪನಿಗೆ ಅದೇ ಹಂಬಲ.

ಸಿಗಿರಿಯಾ ಬಂಡೆಗೆ ಸುಮಾರು 1,200 ಮೆಟ್ಟಿಲು. ಅವ್ವನಿಗೆ ಮೊಣಕಾಲು ನೋವು. ಅವರು ಕೆಳಗಿನ ನೀರಿನ ತೋಟಗಳನ್ನಷ್ಟೇ ನೋಡಿದರೆ ಟಿಕೆಟ್ ದುಡ್ಡು ಸುಮ್ನೆ ದಂಡ ಆಗುತ್ತಾ? ಹೋಗಿ ಬಂದವರು ಹೇಳಿ.

ಡ್ರೈವರ್ ಊಟ, ವಸತಿ ದಿನದ ಬಾಡಿಗೆಯಲ್ಲೇ ಬರುತ್ತಾ? ಪೆಟ್ರೋಲ್, ಟೋಲ್ ಬೇರೆನಾ? ಬುಕ್ ಮಾಡುವಾಗ ಇದನ್ನೆಲ್ಲ ಬರವಣಿಗೆಯಲ್ಲಿ ತೆಗೆದುಕೊಳ್ಳಬೇಕು ಅಂತಿದ್ದೇನೆ. ಬೆಂಗಳೂರಿನಿಂದ ಹೋಗುವುದೋ, ಹೈದರಾಬಾದ್‌ನಿಂದಲೋ?

ಇನ್ನು ಊಟ. ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿನ ತೆಂಗಿನ ಸಂಬೋಲ್‌ಗೂ (ನಮ್ಮ ಕಾಯಿ ಚಟ್ನಿಯಂಥದ್ದು) ಒಣ ಮೀನು ಬೆರೆಸುವುದುಂಟು. ಕಟಕ ರೊಟ್ಟಿ, ಶೇಂಗಾ ಹಿಂಡಿ ಅವ್ವ ಹೇಗೂ ಕಟ್ಟುತ್ತಾಳೆ. ಆದರೂ ಕ್ಯಾಂಡಿ, ನುವಾರಾ ಎಲಿಯಾದಲ್ಲಿ ಒಳ್ಳೆಯ ವೆಜ್ ಹೋಟೆಲ್ ಗೊತ್ತಿದ್ದರೆ ತಿಳಿಸ್ರಿ.